ಹಸಿರು ವಠಾರ: ಒಟ್ಟಿಗೆ ಜಮೀನು ಕೊಂಡು ಒಟ್ಟಿಗೆ ಬಾಳಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು 9 ಮನೆಯವರು. ಮಕ್ಕಳು, ಮುದುಕರು ಸೇರಿ 31 ಜನ. ತುಮಕೂರು ಕಡೆ 5 ಎಕರೆ ಜಮೀನು ಕೊಂಡು, ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟಿಕೊಂಡು ಒಟ್ಟಿಗೆ ಇದ್ದೇವೆ. ಬಾವಿ ಒಂದೇ, ಸೋಲಾರ್ ಒಂದೇ. ವಾರಕ್ಕೆ ಎರಡು ಸಲ ಪಂಕ್ತಿಯೂ ಒಂದೇ. ಭಾನುವಾರ ನೋಡಲು ಬರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ. ಪ್ರತಿ ಸಲ ಬಾಯಲ್ಲಿ ಹೇಳುವಾಗ ಏನಾದರೂ ಒಂದು ಮರೆತುಹೋಗುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ, ಇಂಜಿನಿಯರೂ ಅಲ್ಲ, ಗುಂಪಿನ ಲೆಕ್ಕಪತ್ರ ನೋಡಿಕೊಳ್ಳುವವನು. ಹಾಗಾಗಿ ಲೆಕ್ಕದ ಮಾತು ಸ್ವಲ್ಪ ಜಾಸ್ತಿ ಬಂದರೆ ಬೇಜಾರು ಮಾಡ್ಕೋಬೇಡಿ.

ಇದು ಲೇಔಟಾ, ಆಶ್ರಮವಾ?

ಎರಡೂ ಅಲ್ಲ. ವಠಾರ ಅಂದುಕೊಳ್ಳಿ. ನಮ್ಮಮ್ಮ ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿ. 11 ಮನೆ, ಒಂದು ನಲ್ಲಿ, ಎರಡು ಕಕ್ಕಸು. ಬೆಳಗಿನ ಜಾವ ಯಾರ ಬಿಂದಿಗೆ ಮೊದಲು ಅನ್ನೋದಕ್ಕೆ ಅಲ್ಲಿ ಬರೆಯದ ಕಾನೂನಿತ್ತಂತೆ. ಆದರೆ ಜಗಳ ಕೈಮೀರಿದರೆ ಮಾಲೀಕ ಬಂದು ಹೇಳಿದ್ದೇ ಕೊನೆ. ನಮ್ಮಲ್ಲಿ ಮಾಲೀಕರು ನಾವೇ. ಬಂದು ತೀರ್ಪು ಹೇಳುವವರು ಯಾರೂ ಇಲ್ಲ. ಈ ಒಂದು ವ್ಯತ್ಯಾಸದಿಂದಲೇ ಮುಂದಿನ ಅರ್ಧ ಪ್ರಶ್ನೆಗಳು ಹುಟ್ಟುತ್ತವೆ.

ಕೊಡಗಿನ ಐನ್‌ಮನೆ, ಹಳೇ ಮೈಸೂರಿನ ತೊಟ್ಟಿಮನೆ ಎಲ್ಲ ರಕ್ತಸಂಬಂಧದ ಮೇಲೆ ನಿಂತವು. ಸಂಬಂಧಿಕರಲ್ಲದವರು ಒಬ್ಬರನ್ನೊಬ್ಬರು ಆರಿಸಿಕೊಂಡು ಮನೆ ಕಟ್ಟುವುದಕ್ಕೆ ಹೊರದೇಶದಲ್ಲಿ ಒಳ್ಳೆಯ ಉದಾಹರಣೆ ಇದೆ. ಡೆನ್ಮಾರ್ಕಿನ ಸೆಟ್ಟೆಡಾಮೆನ್‌ನಲ್ಲಿ 1972ರಿಂದ ಜನ ಹೀಗೆ ಬದುಕುತ್ತಿದ್ದಾರೆ. ಪ್ರತಿ ಮನೆಗೂ ಸ್ವಂತ ಅಡುಗೆಮನೆ ಇದೆ. ಜೊತೆಗೆ ಎಲ್ಲರಿಗೂ ಸೇರಿದ ಒಂದು ಮನೆ. ನಾವು ಹಿಡಿದದ್ದು ಇದೇ ದಾರಿ. ನಮ್ಮ ಹತ್ತಿರದ ದೊಡ್ಡ ಪ್ರಯೋಗ ಅಂದರೆ 1968ರ ಫೆಬ್ರವರಿ 28ರಂದು ಶುರುವಾದ ಆರೋವಿಲ್. ಅಲ್ಲಿ ಜಮೀನು, ಮನೆ ಯಾರ ಸ್ವಂತದ್ದೂ ಅಲ್ಲ, ಎಲ್ಲ ಪ್ರತಿಷ್ಠಾನದ್ದು. ನಮಗೆ ಅಷ್ಟು ಧೈರ್ಯ ಇರಲಿಲ್ಲ. ಅದನ್ನು 50,000 ಜನರಿಗೆ ಅಂತ ಯೋಚಿಸಿದ್ದರು. ಅರ್ಧ ಶತಮಾನ ದಾಟಿದರೂ ಅಲ್ಲಿರುವವರು ಕೆಲವೇ ಸಾವಿರ. ಅದನ್ನು ಸೋಲು ಅನ್ನಲಾರೆ. ನಕ್ಷೆಯಲ್ಲಿ ಜನರನ್ನು ಬರೆಯುವುದು ಸುಲಭ, ಕರೆತರುವುದು ಕಷ್ಟ.

ಎಷ್ಟು ಮನೆ ಇದ್ದರೆ ಒಳ್ಳೆಯದು?

8ಕ್ಕಿಂತ ಕಡಿಮೆ ಬೇಡ, 30 ದಾಟಬೇಡಿ. ತೀರಾ ಕಡಿಮೆ ಇದ್ದರೆ ಬಾವಿ, ದಾರಿ, ಪಂಪಿನ ಖರ್ಚು ತಲೆಗೆ ಜಾಸ್ತಿ ಬೀಳುತ್ತದೆ. ಇಬ್ಬರು ಮಾತು ಬಿಟ್ಟರೆ ಇಡೀ ವಠಾರ ಮೌನ ಆಗುತ್ತದೆ. ಜಾಸ್ತಿ ಆದರೆ ಎದುರು ಸಿಕ್ಕವರ ಮಗುವಿನ ಹೆಸರು ಗೊತ್ತಿರುವುದಿಲ್ಲ, ಆಗ ಅದು ಅಪಾರ್ಟ್‌ಮೆಂಟೇ. ಕಾನೂನಿನದೂ ಒಂದು ಲೆಕ್ಕ ಇದೆ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಲು ಕನಿಷ್ಠ 7 ಜನ ಬೇಕು. ಸಹಕಾರ ಸಂಘಕ್ಕಾದರೆ ಬೇರೆ ಬೇರೆ ಕುಟುಂಬದ 10 ಜನ.

ಮೊದಲು ಜನವಾ, ಜಮೀನಾ?

ಜನ. ಆದರೆ ವಾಟ್ಸಾಪ್ ಗುಂಪಿನ ಜನ ಅಲ್ಲ. ನಮ್ಮ ಗುಂಪಿನಲ್ಲಿ ಮೊದಲು 23 ಮನೆಯವರಿದ್ದರು. ಜಂಟಿ ಖಾತೆಗೆ ಮೊದಲ ಕಂತು ಹಾಕಿ ಅಂದ ದಿನ 14 ಆಯಿತು. ಆಮೇಲೆ ಊರಾಚೆ ಒಂದು ಹಳೇ ಮನೆ ಬಾಡಿಗೆಗೆ ಹಿಡಿದು, ಮೂರು ತಿಂಗಳು ಶನಿವಾರ, ಭಾನುವಾರ ಒಟ್ಟಿಗೆ ಇದ್ದು ನೋಡಿದೆವು. ಕೊನೆಗೆ ಉಳಿದವರು 9. ಆ ಮೂರು ತಿಂಗಳಲ್ಲಿ ಗೊತ್ತಾಗಿದ್ದು ಯಾವ ಮೀಟಿಂಗಿನಲ್ಲೂ ಗೊತ್ತಾಗಿರಲಿಲ್ಲ. ಪರಿಸರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಒಬ್ಬರು ಊಟದ ತಟ್ಟೆ ಅಲ್ಲೇ ಬಿಟ್ಟು ಏಳುತ್ತಿದ್ದರು. ಬಾಯಿಯೇ ಬಿಡದ ಇನ್ನೊಬ್ಬರು ಚರಂಡಿಗೆ ಕೈ ಹಾಕಿ ಕಸ ತೆಗೆಯುತ್ತಿದ್ದರು. ಜಮೀನಿನ ಮುಂಗಡಕ್ಕಿಂತ ಆ ಬಾಡಿಗೆಯೇ ನಮ್ಮ ಅತಿ ಒಳ್ಳೆಯ ಖರ್ಚು.

ಜಮೀನು ನೋಡುವಾಗ ಏನು ನೋಡಬೇಕು?

ದಾರಿ. ಎಲ್ಲರೂ ನೀರು ಅನ್ನುತ್ತಾರೆ, ನಾನು ದಾರಿ ಅನ್ನುತ್ತೇನೆ. ಯಾಕೆ ಅಂದರೆ ಪೆಟ್ಟು ತಿಂದಿದ್ದೇನೆ.

ಈಗಿರುವುದು ನಮ್ಮ ಮೊದಲ ಜಮೀನಲ್ಲ. ಅದಕ್ಕೂ ಮುಂಚೆ ಗುಡ್ಡದ ಬುಡದಲ್ಲಿ ಒಂದು ನೋಡಿದ್ದೆವು. ಎರಡು ಹುಣಸೆ ಮರ, ಸಂಜೆ ಹೊತ್ತು ನವಿಲು. ಟ್ರ್ಯಾಕ್ಟರ್ ಹೋಗುವಷ್ಟು ಅಗಲದ ದಾರಿಯೂ ಇತ್ತು. ಅವತ್ತೇ ಮುಂಗಡ ಕೊಟ್ಟೆವು. ಸರ್ವೆ ಮಾಡಿಸಿದಾಗ ತಿಳಿಯಿತು, ಆ ದಾರಿ ನಕಾಶೆಯಲ್ಲೇ ಇಲ್ಲ. ಪಕ್ಕದ ಹೊಲದವರು ಒಳ್ಳೆಯ ಮನಸ್ಸಿನಿಂದ ಬಿಟ್ಟುಕೊಟ್ಟಿದ್ದ ಬಂಡಿ ದಾರಿ ಅದು. ಎತ್ತಿನಗಾಡಿಗೆ ಬಿಟ್ಟವರು ಜೆಸಿಬಿಗೂ ಬಿಡುತ್ತಾರಾ? ಬಿಡಲಿಲ್ಲ. ಅವರ ತಪ್ಪೂ ಇಲ್ಲ. ಮುಂಗಡದಲ್ಲಿ ಅರ್ಧ ವಾಪಸ್ ಬಂತು, ಉಳಿದರ್ಧ ಇನ್ನೂ 'ಬರುತ್ತಾ ಇದೆ'.

ಆದ್ದರಿಂದ ಗ್ರಾಮ ನಕಾಶೆಯಲ್ಲಿ ದಾರಿ ಇದೆಯಾ ನೋಡಿ, ಹದ್ದುಬಸ್ತು (ಸರ್ವೆಯವರಿಂದ ಗಡಿ ಗುರುತು) ಮಾಡಿಸಿ, ಆಮೇಲೆ ನವಿಲು ನೋಡಿ. ಕಾಗದದಲ್ಲಿ ಪಹಣಿ, ಮ್ಯುಟೇಶನ್ (ಖಾತೆ ಬದಲಾದ ದಾಖಲೆ), 30 ವರ್ಷದ ಇ.ಸಿ. (ಋಣಭಾರ ಪತ್ರ), ಟಿಪ್ಪಣಿ (ಸರ್ವೆಯವರ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಬೇಕು. ಪಹಣಿ ಜಂಟಿಯಾಗಿದ್ದರೆ ಪೋಡಿ, ಅಂದರೆ ಅವರವರ ಪಾಲು ಅಳೆದು ಬೇರೆ ಮಾಡುವುದು, ಆಗಿದೆಯಾ ಕೇಳಿ. ಖರಾಬು (ಸಾಗುವಳಿಗೆ ಬಾರದ್ದು ಅಂತ ದಾಖಲಾದ ಜಾಗ) ಎಷ್ಟು ಅಂತ ಬರೆದುಕೊಳ್ಳಿ. ವಂಶವೃಕ್ಷ ತರಿಸಿ, ಮಾರುವವರ ಅಕ್ಕತಂಗಿಯರ ಸಹಿಯೂ ಬೇಕು ಅಂತ ಹಟ ಹಿಡಿಯಿರಿ. ಹೆಣ್ಣುಮಕ್ಕಳ ಪಾಲು ಮರೆತ ಜಮೀನಿನ ವ್ಯಾಜ್ಯ ನಿಮ್ಮ ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ.

ಇನ್ನೊಂದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವ ಹಾಗಿಲ್ಲ. ಇದು 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಅಂಥ ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಬಂದಿದೆ. ಕಾನೂನು ಬಿಡಿ, ಅವರ ಬದುಕಿಗೆ ಅಂತ ಕೊಟ್ಟ ನೆಲದ ಮೇಲೆ ನಮ್ಮ ಹಸಿರು ಕನಸು ಕಟ್ಟುವುದು ಸರಿ ಅನ್ನಿಸಲಿಲ್ಲ. ಅಗ್ಗಕ್ಕೆ ಬಂದ ಒಂದನ್ನು ಹಾಗೇ ಬಿಟ್ಟೆವು.

ನಾವು ರೈತರಲ್ಲ. ಕೃಷಿ ಜಮೀನು ಕೊಳ್ಳಬಹುದಾ? ಅದರಲ್ಲಿ ಮನೆ ಕಟ್ಟಬಹುದಾ?

ಕೊಳ್ಳಬಹುದು. ಮುಂಚೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಅಡ್ಡ ಇದ್ದವು. 2020ರಲ್ಲಿ ಅವನ್ನು ತೆಗೆದರು. ಗರಿಷ್ಠ ಮಿತಿ ಮಾತ್ರ ಈಗಲೂ ಇದೆ.

ಕೊಂಡ ಮಾತ್ರಕ್ಕೆ ಕಟ್ಟುವ ಹಾಗಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿಕ ತನ್ನ ಹಿಡುವಳಿಯ ಶೇ. 10 ಮೀರದ ಹಾಗೆ ತೋಟದ ಮನೆ ಕಟ್ಟಿಕೊಳ್ಳಬಹುದು. ಅದನ್ನು ವ್ಯಾಪಾರಕ್ಕೆ ಬಾಡಿಗೆ ಕೊಡುವ ಹಾಗಿಲ್ಲ. ಒಂದು ಸಂಸಾರಕ್ಕೆ ಇದು ಸರಿಹೋಗುತ್ತದೆ. 9 ಮನೆಗೆ 'ತೋಟದ ಮನೆ' ಅನ್ನುವ ಹೆಸರು ಕೊಟ್ಟರೆ ಅದು ಕಾನೂನಿನ ಕಣ್ಣಿಗೆ ಮಣ್ಣೆರಚುವುದು. ನಾವು 5 ಎಕರೆಯಲ್ಲಿ ಒಂದೂವರೆ ಎಕರೆಯನ್ನು ಮಾತ್ರ ಡಿ.ಸಿ. ಕಡೆಯಿಂದ ಭೂಪರಿವರ್ತನೆ ಮಾಡಿಸಿದೆವು. ಉಳಿದ ಮೂರೂವರೆ ಎಕರೆಯಲ್ಲಿ ಈಗಲೂ ರಾಗಿ, ಅವರೆ, ಸ್ವಲ್ಪ ಮಾವು.

'ಇಕೋ ವಿಲೇಜ್' ಅಂತ ಬೋರ್ಡ್ ಹಾಕಿ ಕೃಷಿ ಜಮೀನಿನಲ್ಲೇ ಐದೈದು ಗುಂಟೆ ಮಾರುವವರು ಸಿಗುತ್ತಾರೆ. ಬಣ್ಣ ಹಸಿರಾದರೂ ಅದು ರೆವಿನ್ಯೂ ಸೈಟೇ. ಬ್ಯಾಂಕ್ ಸಾಲ ಸಿಗಲ್ಲ, ನಕ್ಷೆ ಮಂಜೂರಾಗಲ್ಲ.

ರೇರಾ ಬೇಕಾ?

500 ಚದರ ಮೀಟರ್‌ಗಿಂತ ಜಾಸ್ತಿ ಜಾಗ ಅಥವಾ 8ಕ್ಕಿಂತ ಜಾಸ್ತಿ ಮನೆ ಇದ್ದು, ಮಾರಾಟಕ್ಕೆ ಕಟ್ಟಿದರೆ 2016ರ ರೇರಾ, ಅಂದರೆ ಬಿಲ್ಡರುಗಳ ಮೇಲೆ ನಿಗಾ ಇಡುವ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ನೋಂದಣಿ ಬೇಕು. ನಾವು 9 ಮನೆ ಅಂದ ತಕ್ಷಣ ವಕೀಲರು ಹುಬ್ಬೇರಿಸಿದರು. ನಮ್ಮದು ಮಾರಾಟಕ್ಕಲ್ಲ. ನಮ್ಮ ಹೆಸರಿನ ಜಾಗದಲ್ಲಿ ನಮಗೇ ಕಟ್ಟಿಕೊಂಡದ್ದು. ನೀವು ಒಂದಿಬ್ಬರು ಜಮೀನು ಕೊಂಡು, ಜಾಹೀರಾತು ಕೊಟ್ಟು, ಉಳಿದವರಿಂದ ಮುಂಗಡ ತಗೊಳ್ಳುವ ಯೋಚನೆಯಲ್ಲಿದ್ದರೆ ಆ ಕ್ಷಣದಿಂದ ನೀವೇ ಬಿಲ್ಡರು. ಆಗ ಬೇಕು.

ಯಾರ ಹೆಸರಲ್ಲಿ ಇರಬೇಕು?

ಹಿರಿಯರೊಬ್ಬರ ಹೆಸರಲ್ಲಿ ಇರಲಿ, ನಂಬಿಕೆ ಮುಖ್ಯ ಅಂತ ಯಾರಾದರೂ ಅಂದರೆ ನಮಸ್ಕಾರ ಹಾಕಿ ಎದ್ದು ಬನ್ನಿ. ಆ ಹಿರಿಯರು ನಂಬಿಕಸ್ತರೇ ಇರಬಹುದು. ಅವರ ಮಕ್ಕಳು ನಿಮ್ಮ ಜೊತೆ ಊಟ ಮಾಡಿದವರಲ್ಲ.

ನಮ್ಮಲ್ಲಿ ಸೈಟು ಬಿಡಿಸಲಿಲ್ಲ. ಗೋಡೆಗೆ ಗೋಡೆ ತಾಗಿದ ಸಾಲುಮನೆಗಳು, ನಡುವೆ ಒಂದು ಅಂಗಳ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ ನೋಂದಾಯಿಸಿದ್ದೇವೆ. ಮನೆ ಅವರವರದು. ಅಂಗಳ, ಸಾಮಾನ್ಯ ಮನೆ, ತೊಟ್ಟಿ, ಬಾವಿಯಲ್ಲಿ ಅವಿಭಜಿತ ಪಾಲು. ಕೃಷಿ ಜಮೀನು 9 ಜನರ ಜಂಟಿ ಹೆಸರಿನಲ್ಲಿ. ಸಾಲುಮನೆ ಮಾಡಿದ್ದರಿಂದ ಇನ್ನೊಂದು ಲಾಭ ಆಯಿತು. ನಡುಗೋಡೆ ಇಬ್ಬರಿಗೂ ಒಂದೇ ಆಗಿ ಇಟ್ಟಿಗೆ ಉಳಿಯಿತು, ಬೇಸಿಗೆಯಲ್ಲಿ ಬಿಸಿಲು ಬೀಳುವ ಗೋಡೆಯೂ ಕಡಿಮೆ ಆಯಿತು.

ಒಬ್ಬರು ಬಿಟ್ಟು ಹೋದರೆ?

ಈ ಪ್ರಶ್ನೆಯನ್ನು ಬಂದವರು ಕೊನೆಗೆ, ಸಂಕೋಚದಿಂದ ಕೇಳುತ್ತಾರೆ. ಮೊದಲು ಕೇಳಬೇಕಾದ್ದೇ ಇದು.

ನಾವು ಕೇಳಿಕೊಂಡಿರಲಿಲ್ಲ. ಶುಭ ಕೆಲಸಕ್ಕೆ ಮುಂಚೆ ಅಪಶಕುನ ಯಾಕೆ ಅಂತ ಸುಮ್ಮನಿದ್ದೆವು. ಎರಡನೇ ವರ್ಷ ಒಂದು ಮನೆಯವರಿಗೆ ತಂದೆತಾಯಿ ನೋಡಿಕೊಳ್ಳಲು ಊರಿಗೆ ಹೋಗಬೇಕಾಯಿತು. ಅವರು ಕೇಳಿದ್ದು ಆವತ್ತಿನ ಮಾರುಕಟ್ಟೆ ಬೆಲೆ. ನಾವು ಅಂದದ್ದು, ಹಾಕಿದ ದುಡ್ಡು ಮತ್ತು ಬಡ್ಡಿ. ಅವರ ಮಾತಿನಲ್ಲೂ ನ್ಯಾಯ ಇತ್ತು, ಹೊರಗೆ ಮನೆ ಕೊಳ್ಳಬೇಕಾದರೆ ಅವರಿಗೆ ಮಾರುಕಟ್ಟೆ ಬೆಲೆಯೇ ತಗಲುತ್ತದಲ್ವಾ? 14 ತಿಂಗಳು ಹಗ್ಗಜಗ್ಗಾಟ ಆಯಿತು. ಅವರ ಮಗಳು, ನನ್ನ ಮಗಳು ಒಂದೇ ಸೈಕಲ್ ಹಂಚಿಕೊಂಡವರು. ಸೈಕಲ್ ಅಂಗಳದಲ್ಲೇ ನಿಂತಿತು, ಮುಟ್ಟುವವರಿಲ್ಲ.

ಈಗ ಬರೆದಿಟ್ಟ ನಿಯಮ ಹೀಗಿದೆ. ಹೋಗುವವರು ಮೊದಲೇ ಪತ್ರ ಕೊಡಬೇಕು. ಜಮೀನಿನ ಪಾಲಿಗೆ ಹಾಕಿದ ದುಡ್ಡಿನ ಮೇಲೆ ವರ್ಷಕ್ಕೆ ಶೇ. 6 ಸೇರಿಸುತ್ತೇವೆ. ಮನೆಗೆ ಕಟ್ಟಿದ ಖರ್ಚಿನಲ್ಲಿ ಸವಕಳಿ ಕಳೆಯುತ್ತೇವೆ. 6 ತಿಂಗಳು ಗುಂಪಿಗೆ ಮೊದಲ ಹಕ್ಕು, ಅಷ್ಟರಲ್ಲಿ ಹೊಸಬರನ್ನು ನಾವು ಹುಡುಕಬೇಕು. ಆಗದಿದ್ದರೆ, ನಮ್ಮ ನಿಯಮಗಳಿಗೆ ಸಹಿ ಹಾಕುವ ಯಾರಿಗಾದರೂ ಅವರು ತಮಗೆ ಬೇಕಾದ ಬೆಲೆಗೆ ಮಾರಬಹುದು. ಸಾವು, ವಿಚ್ಛೇದನ, ಮಕ್ಕಳ ಹಕ್ಕು, ಮೂರಕ್ಕೂ ಒಂದೊಂದು ಪುಟ ಇದೆ. ಬೆಲೆಯ ಸೂತ್ರ ಇದೇ ಇರಬೇಕು ಅಂತ ಹೇಳುತ್ತಿಲ್ಲ. ಏನಾದರೂ ಒಂದು ಇರಲಿ, ಜಮೀನು ನೋಂದಣಿಗೆ ಮುಂಚೆ ಇರಲಿ.

ಮಣ್ಣಿನ ಮನೆ ಮಳೆಗೆ ಕರಗಲ್ವಾ?

ಕಟ್ಟಿದ್ದು ಹಸಿಮಣ್ಣಿನಲ್ಲಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಕಲಸಿ, ಯಂತ್ರದಲ್ಲಿ ಒತ್ತಿ ಮಾಡಿದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ಹಳ್ಳಿಗಳಲ್ಲಿ ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಈ ಮಣ್ಣಿನ ಇಟ್ಟಿಗೆಯ ಮೇಲೆ ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದನ್ನು ಗೂಡಿನಲ್ಲಿ ಸುಡುವುದಿಲ್ಲ, ಹಾಗಾಗಿ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ಒತ್ತಿದ ಮೇಲೆ ಮೂರು ವಾರ ನೀರು ಚಿಮುಕಿಸಿ ಒದ್ದೆಯಾಗಿಟ್ಟರೆ ಸಾಕು.

ಎಲ್ಲ ಮಣ್ಣೂ ಆಗಲ್ಲ. ಮೇಲಿನ ಒಂದಡಿ, ಬೇರು, ಗೊಬ್ಬರ ಇರುವ ಮಣ್ಣು ಹೊಲಕ್ಕೇ ಇರಲಿ. ಅದರ ಕೆಳಗಿನ ಕೆಂಪು ಮಣ್ಣು ನೋಡಿ. ನಮ್ಮ ಮೇಸ್ತ್ರಿ ಮಾಡಿದ ಪರೀಕ್ಷೆ ಹೀಗಿತ್ತು. ಹಾರ್ಲಿಕ್ಸ್ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಕಟ್ಟೆಯ ಮೇಲಿಟ್ಟರು. ಒಂದು ನಿಮಿಷದೊಳಗೆ ಮರಳು ತಳಕ್ಕೆ ಕೂತಿತು. ಮಾರನೇ ದಿನ ನೋಡಿದರೆ ಅದರ ಮೇಲೆ ನುಣ್ಣನೆ ಗೋಡುಮಣ್ಣು, ಎಲ್ಲಕ್ಕಿಂತ ಮೇಲೆ ಬೆಣ್ಣೆಯಂಥ ಜೇಡಿ. ಮೇಸ್ತ್ರಿ ಬೆರಳಲ್ಲಿ ಅಳೆದು, 'ಮರಳು ಸಾಲದು ಸಾರ್, ಜೇಡಿ ಜಾಸ್ತಿ' ಅಂದರು. ಜೇಡಿ ಜಾಸ್ತಿ ಇದ್ದರೆ ಇಟ್ಟಿಗೆ ಒಣಗುವಾಗ ಬಿರುಕು ಬಿಡುತ್ತದೆ. ಮೂರು ಪಾಲು ಮಣ್ಣಿಗೆ ಒಂದು ಪಾಲು ಎಂ-ಸ್ಯಾಂಡ್ ಸೇರಿಸಿದೆವು. ಸಿಮೆಂಟ್ ಶೇ. 7. ಒಂದು ದಿನ ಅವಸರಕ್ಕೆ ಮಣ್ಣು ಜರಡಿ ಹಿಡಿಯದೆ ಒತ್ತಿದ 300 ಇಟ್ಟಿಗೆ ಹಾಳಾದವು. ಈಗ ಅವು ನಡೆದಾಡುವ ದಾರಿಗೆ ಹಾಸಿವೆ, ಮಕ್ಕಳಿಗೆ ಅದೇ ಕುಂಟೆಬಿಲ್ಲೆ ಜಾಗ.

ಮಳೆಯ ಮಾತಿಗೆ ಬರೋಣ. ಹಳೇ ಮಂದಿಯ ಬುದ್ಧಿಯೇ ಸಾಕು. ಕೆಳಗೆ ಕಲ್ಲಿನ ತಳಪಾಯ ನೆಲದಿಂದ ಒಂದೂವರೆ ಅಡಿ ಮೇಲೆ ಬರಲಿ, ಮೇಲೆ ಸೂರು ಎರಡೂವರೆ ಅಡಿ ಹೊರಚಾಚಲಿ. ಗೆದ್ದಲಿಗೆ ತಳಪಾಯದ ಮೇಲೆ ಕಾಂಕ್ರೀಟ್ ಪಟ್ಟಿ ಹಾಕಿದ್ದೇವೆ. ಸ್ನಾನದ ಮನೆ, ಶೌಚಾಲಯಕ್ಕೆ ಮಾತ್ರ ಸುಟ್ಟ ಇಟ್ಟಿಗೆ. ಅದನ್ನೂ ಲಾರಿ ಬೇಕರ್ ಕೇರಳದಲ್ಲಿ ರೂಢಿಗೆ ತಂದ ರ‍್ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಕಟ್ಟಿದ್ದೇವೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವುದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ.

ಕರಾವಳಿಯವರು ನಮ್ಮನ್ನು ನೋಡಿ ಇದನ್ನೇ ಮಾಡಬೇಡಿ. ನಿಮ್ಮಲ್ಲಿ ಕೆಂಪುಕಲ್ಲು, ಹಂಚು ಇದೆ. ಹತ್ತಿರ ಸಿಗುವುದೇ ಹಸಿರು.

ನೀರಿಗೆ ಏನು ಮಾಡಿದ್ದೀರಿ?

ಲೆಕ್ಕ ಸುಲಭ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 1,000 ಚದರಡಿ ಸೂರು ಅಂದರೆ 93 ಚದರ ಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂದುಕೊಂಡು, ಪೋಲಾಗುವುದನ್ನು ಕಳೆದರೂ ಒಂದು ಮನೆಯಿಂದ ಸುಮಾರು 55,000 ಲೀಟರ್. 9 ಮನೆಗೆ 5 ಲಕ್ಷ ಲೀಟರ್. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರೆ, ಹಳ್ಳಿಗೆ ಜಲಜೀವನ ಮಿಷನ್‌ನವರು 55 ಅನ್ನುತ್ತಾರೆ. ನಾವು 100ಕ್ಕೆ ನಿಲ್ಲಿಸಿದ್ದೇವೆ. 31 ಜನಕ್ಕೆ ದಿನಕ್ಕೆ 3,100 ಲೀಟರ್. ಅಂದರೆ ಸೂರಿನ ಮಳೆಯೇ ಐದು ತಿಂಗಳಿಗೆ ಬರುತ್ತದೆ.

ಆದರೆ 5 ಲಕ್ಷ ಲೀಟರ್ ಹಿಡಿದಿಡುವ ತೊಟ್ಟಿ ಕಟ್ಟಲು ಹೋದರೆ ಮನೆಗೆ ದುಡ್ಡು ಉಳಿಯಲ್ಲ. ಅಂಗಳದ ಕೆಳಗೆ 1 ಲಕ್ಷ ಲೀಟರಿನ ತೊಟ್ಟಿ ಇದೆ, ಅದು ಕುಡಿಯಲು ಮತ್ತು ಅಡುಗೆಗೆ. ಮಿಕ್ಕ ಮಳೆನೀರು ಶೋಧಿಸಿಕೊಂಡು ತೆರೆದ ಬಾವಿಗೆ ಇಳಿಯುತ್ತದೆ. ಹೊಲದ ನೀರಿಗೆ ಬದು ಮತ್ತು ಒಂದು ಕೃಷಿ ಹೊಂಡ.

ಬೋರ್‌ವೆಲ್ ಇದೆಯಾ ಅಂತ ಕೇಳುತ್ತೀರಿ. ಇದೆ. ಸುಳ್ಳು ಹೇಳಿ ಏನು ಪ್ರಯೋಜನ? ಅದರ ಸ್ವಿಚ್ಚು ಸಾಮಾನ್ಯ ಮನೆಯಲ್ಲಿದೆ, ಪಕ್ಕದಲ್ಲಿ ಒಂದು ಪುಸ್ತಕ. ಯಾವಾಗ, ಯಾಕೆ, ಎಷ್ಟು ಹೊತ್ತು ಹಾಕಿದಿರಿ ಅಂತ ಬರೆಯಬೇಕು. ಬರೆಯುವ ಬೇಜಾರಿಗೇ ಅರ್ಧ ಜನ ಹಾಕುವುದಿಲ್ಲ.

ಕೊಳಕು ನೀರು ಎಲ್ಲಿ ಹೋಗುತ್ತದೆ?

ಶೌಚಾಲಯದ ನೀರು ಬೇರೆ, ಸ್ನಾನ ಮತ್ತು ಪಾತ್ರೆ ತೊಳೆದ ನೀರು ಬೇರೆ ಪೈಪಿನಲ್ಲಿ. ಇದನ್ನು ತಳಪಾಯ ಹಾಕುವಾಗಲೇ ಮಾಡಬೇಕು, ಆಮೇಲೆ ನೆಲ ಒಡೆಯುವುದು ನರಕ. ಎರಡನೆಯದು ಜಲ್ಲಿ ತುಂಬಿದ ಪಾತಿಗೆ ಹೋಗುತ್ತದೆ, ಅದರಲ್ಲಿ ಕಾಬಾಳೆ ಮತ್ತು ಆಪು ಬೆಳೆದಿದೆ. ಅಲ್ಲಿಂದ ಬಾಳೆಗೆ. ಮೊದಲ ವರ್ಷ ಆ ಪಾತಿ ನಾತ ಹೊಡೆಯಿತು. ತಪ್ಪು ಗಿಡದ್ದಲ್ಲ. ನಾವು ಬೋಂಡ ಕರಿದ ಎಣ್ಣೆಯನ್ನೆಲ್ಲ ಸಿಂಕಿಗೆ ಸುರಿಯುತ್ತಿದ್ದೆವು. ಜಿಡ್ಡು ಹಿಡಿಯುವ ಗುಂಡಿ ಇಟ್ಟ ಮೇಲೆ ಸರಿಯಾಯಿತು. ಆ ಗುಂಡಿ ಹದಿನೈದು ದಿನಕ್ಕೊಮ್ಮೆ ಬಳಿಯಬೇಕು. ಸರದಿಯಲ್ಲಿ ಎಲ್ಲರೂ, ಗಂಡಸರೂ. ಕೂಲಿಗೆ ಯಾರನ್ನೋ ಕರೆಯುವುದು ಬೇಡ ಅಂತ ಮೊದಲ ಮೀಟಿಂಗಿನಲ್ಲೇ ನಿರ್ಧಾರ ಆಗಿತ್ತು. ನಮ್ಮ ಕೊಳಕನ್ನು ಬೇರೆ ಜಾತಿಯವರ ಕೈಯಲ್ಲಿ ತೆಗೆಸಿ ಹಸಿರು ಬದುಕು ಅನ್ನುವುದು ನಾಚಿಕೆಗೇಡು.

ಸೋಲಾರ್?

ಚಾವಣಿಯ ಮೇಲೆ 12 ಕಿಲೋವ್ಯಾಟ್. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಒಂಟಿ ಮನೆಗೆ 3 ಕಿಲೋವ್ಯಾಟ್ ಹಾಕಿದರೆ 78,000 ರೂಪಾಯಿ ಸಬ್ಸಿಡಿ ಇದೆ. ನಿವಾಸಿಗಳ ಸಂಘವಾದರೆ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000. ಯಾವ ದಾರಿ ಲಾಭ ಅಂತ ಮೊದಲೇ ಕೂತು ಲೆಕ್ಕ ಹಾಕಿ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯವರು ಸೋಲಾರಿಗೆ ಯಾಕೆ ದುಡ್ಡು ಹಾಕಬೇಕು ಅಂತ ಕೇಳಿಯೇ ಕೇಳುತ್ತಾರೆ. ನಮ್ಮಲ್ಲೂ ಕೇಳಿದರು. ಆ ಮೀಟಿಂಗ್ ರಾತ್ರಿ 11ರವರೆಗೆ ನಡೆಯಿತು.

ಗೊತ್ತಿರಲಿ: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ! ಇದು ಗೊತ್ತಿಲ್ಲದೆ ಮೊದಲ ಮಳೆಗಾಲ ಪ್ಯಾನೆಲ್ ಕೆಳಗೆ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದೆವು.

ಅಡುಗೆ ಒಟ್ಟಿಗೇನಾ? ಮಾಂಸಾಹಾರ ನಡೆಯುತ್ತದಾ?

ಬುಧವಾರ ರಾತ್ರಿ ಮತ್ತು ಭಾನುವಾರ ಮಧ್ಯಾಹ್ನ ಒಟ್ಟಿಗೆ. ಉಳಿದ ದಿನ ಅವರವರ ಮನೆ. ದಿನವೂ ಒಟ್ಟಿಗೆ ಮಾಡಿ ನೋಡಿದೆವು, ಎರಡು ವಾರಕ್ಕೆ ಸುಸ್ತು. ಒಬ್ಬರ ಸಾರು ಇನ್ನೊಬ್ಬರಿಗೆ ಖಾರ.

ಮಾಂಸದ ಪ್ರಶ್ನೆಯನ್ನು ಪರಿಸರದ ಹೆಸರಲ್ಲಿ ಮುಚ್ಚಿಬಿಡುವ ಗುಂಪುಗಳಿವೆ. 'ಶುದ್ಧ ಸಸ್ಯಾಹಾರಿ ಸಮುದಾಯ' ಅಂತ ಬರೆದರೆ ಯಾರು ಬರಬೇಕು, ಯಾರು ಬರಬಾರದು ಅನ್ನುವುದು ಅರ್ಜಿ ಓದುವ ಮುಂಚೆಯೇ ತೀರ್ಮಾನ ಆಗಿಬಿಡುತ್ತದೆ. ನಮ್ಮಲ್ಲಿ ಸ್ವಂತ ಮನೆಯಲ್ಲಿ ಏನು ಬೇಕಾದರೂ ಬೇಯಿಸಬಹುದು. ಸಾಮಾನ್ಯ ಅಡುಗೆಮನೆಯಲ್ಲಿ ಪಾತ್ರೆ ಎರಡು ಬಗೆ, ಕೆಂಪು ಹಿಡಿಕೆಯವು ಮಾಂಸಕ್ಕೆ. ಮುದ್ದೆ ಮಾತ್ರ ಎಲ್ಲರಿಗೂ ಒಂದೇ. ನಾಟಿಕೋಳಿ ಸಾರಿನ ಭಾನುವಾರ ನಮ್ಮ ಅತ್ತೆಯವರು ಪಂಕ್ತಿಯ ಆ ತುದಿಗೆ ಕೂರುತ್ತಾರೆ. ಆದರೆ ಕೂರುತ್ತಾರೆ.

ತೀರ್ಮಾನ ಹೇಗೆ ತಗೊಳ್ಳುತ್ತೀರಿ? ಕೈ ಎತ್ತಿಸುತ್ತೀರಾ?

ಇಲ್ಲ. ಕೈ ಎತ್ತಿಸಿದರೆ 5 ಜನ ಗೆದ್ದು 4 ಜನ ಸೋತು, ಆ ನಾಲ್ವರ ಜೊತೆ ಅದೇ ಸಂಜೆ ಊಟ ಮಾಡಬೇಕು. ಎಲ್ಲರೂ ಒಪ್ಪುವ ತನಕ ಕಾಯುತ್ತೇವೆ ಅಂದರೆ ಒಬ್ಬ ಹಟಮಾರಿ ಎಲ್ಲವನ್ನೂ ನಿಲ್ಲಿಸಬಹುದು. ನಾವು ನಡುವಿನದನ್ನು ಹಿಡಿದೆವು. ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ಈ ಪದ್ಧತಿಗೆ ಸೋಶಿಯಾಕ್ರಸಿ ಅಂತ ಹೆಸರು. 'ಇಷ್ಟ ಇದೆಯಾ' ಅಂತ ಕೇಳುವುದಿಲ್ಲ, 'ಇದರಿಂದ ಹಾನಿ ಇದೆಯಾ, ಇದ್ದರೆ ಏನು' ಅಂತ ಕೇಳುತ್ತೇವೆ. ಹಾನಿ ತೋರಿಸಿದರೆ ತಿದ್ದುತ್ತೇವೆ. ಇಲ್ಲದಿದ್ದರೆ 6 ತಿಂಗಳು ಮಾಡಿ ನೋಡುತ್ತೇವೆ. ನಾಯಿ ಸಾಕುವ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ.

ಊರಿನವರು ಏನಂತಾರೆ?

ಮೊದಮೊದಲು ರೆಸಾರ್ಟ್ ಅಂದರು. ಎತ್ತರದ ಕಾಂಪೌಂಡ್ ಹಾಕಿ ಕೂತಿದ್ದರೆ ಇವತ್ತಿಗೂ ಅದೇ ಅನ್ನುತ್ತಿದ್ದರು. ದನ ಹೋಗುವ ಕಾಲುದಾರಿ ನಮ್ಮ ಜಮೀನಿನ ಮೂಲೆಯಲ್ಲಿತ್ತು, ಹಾಗೇ ಬಿಟ್ಟೆವು. ಬಂಡಿ ದಾರಿಯ ಪಾಠ ಕಲಿತವರಲ್ವಾ ನಾವು. ಇಟ್ಟಿಗೆ ಒತ್ತಿದವರು, ಕಟ್ಟಿದವರು ಅದೇ ಊರಿನವರು. ಊರಹಬ್ಬದ ಚಂದಾ ಕೊಡುತ್ತೇವೆ, ಹಬ್ಬದಲ್ಲಿ ನಿಲ್ಲುತ್ತೇವೆ ಕೂಡ. ಹಾಲು, ಸೊಪ್ಪು, ತೆಂಗಿನಕಾಯಿ ಊರಿನದೇ. ಕೃಷಿಯ ಬಗ್ಗೆ ಅವರಿಗೆ ಹೇಳಿಕೊಡಲು ಹೋಗಬೇಡಿ. ನಮ್ಮ ಮೊದಲ ವರ್ಷದ ರಾಗಿ ನೋಡಿ ಪಕ್ಕದ ಹೊಲದ ಅಜ್ಜಿ, 'ಇದು ಹಕ್ಕಿಗೆ ಬಿತ್ತಿದ್ದಾ ಮಗ' ಅಂತ ಕೇಳಿದರು.

ಹಾವು, ಆಸ್ಪತ್ರೆ, ಸ್ಕೂಲು?

ಹಾವು ಇವೆ. ನಾಗರ, ಕೊಳಕುಮಂಡಲ ಎರಡೂ ಕಂಡಿದ್ದೇವೆ. ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಹೋಗುವ ಹಾಗಿಲ್ಲ, ಸೌದೆ ರಾಶಿ ಮನೆಗೆ ತಾಗಿ ಇಡುವ ಹಾಗಿಲ್ಲ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಮಾಡದೆ ನೇರ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ವಿಷನಿರೋಧಕ ಚುಚ್ಚುಮದ್ದು ಇದೆಯಾ ಅಂತ ಜಮೀನು ಕೊಳ್ಳುವ ಮುಂಚೆಯೇ ವಿಚಾರಿಸಿ. ಸ್ಕೂಲು 6 ಕಿಲೋಮೀಟರ್, ವ್ಯಾನು ಬರುತ್ತದೆ. ಇಂಟರ್ನೆಟ್ ಪರವಾಗಿಲ್ಲ, ಗುಡುಗಿದರೆ ಇಲ್ಲ.

ಒಟ್ಟು ಖರ್ಚು ಎಷ್ಟಾಗುತ್ತದೆ? ಅಗ್ಗವಾ?

ಅಗ್ಗ ಅಲ್ಲ. ಮಣ್ಣಿನ ಮನೆ ಅಂದರೆ ಪುಕ್ಕಟೆ ಅಂದುಕೊಂಡವರಿಗೆ ನಿರಾಸೆ ಆಗುತ್ತದೆ. ಸಾಮಾನಿನಲ್ಲಿ ಉಳಿದದ್ದು ಕೂಲಿಗೆ ಹೋಗುತ್ತದೆ. ಆ ದುಡ್ಡು ಸಿಮೆಂಟ್ ಕಂಪನಿಗೆ ಹೋಗದೆ ಊರಿನವರ ಕೈಗೆ ಹೋಯಿತು ಅನ್ನುವುದು ನನಗೆ ಸಮಾಧಾನ. ನಮ್ಮಲ್ಲಿ ಪ್ರತಿ 10 ರೂಪಾಯಿಯಲ್ಲಿ 4 ಜಮೀನು ಮತ್ತು ಕಾಗದಪತ್ರಕ್ಕೆ, 4 ಮನೆಗಳಿಗೆ, ಉಳಿದ 2 ತೊಟ್ಟಿ, ಪೈಪು, ದಾರಿ, ಸೋಲಾರಿಗೆ ಹೋಯಿತು. ಆ 2 ರೂಪಾಯಿಯನ್ನೇ ಎಲ್ಲರೂ ಬಜೆಟ್ಟಿನಲ್ಲಿ ಮರೆಯುವುದು. ಬ್ಯಾಂಕ್ ಸಾಲ ಪರಿವರ್ತನೆ ಆದ ಭಾಗಕ್ಕೆ ಮಾತ್ರ ಸಿಕ್ಕಿತು. ಅದೂ ಬೆಲೆಕಟ್ಟಲು ಬಂದವರು ಗೋಡೆಗೆ ಮೂರು ಸಲ ಗುದ್ದಿ ನೋಡಿದ ಮೇಲೆ. ಈಗ ಪ್ರತಿ ಮನೆ ತಿಂಗಳಿಗೆ ನಿರ್ವಹಣೆಗೆ ಇಂತಿಷ್ಟು ಅಂತ ಹಾಕುತ್ತದೆ, ಜೊತೆಗೆ ವಾರಕ್ಕೆ 4 ಗಂಟೆ ಕೆಲಸ. ಕೆಲಸದ ಬದಲು ದುಡ್ಡು ಕೊಡುತ್ತೇನೆ ಅನ್ನುವ ಹಾಗಿಲ್ಲ.

ಬಂದು ನೋಡಬಹುದಾ?

ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ 10ರಿಂದ. ಬರುವವರು ಒಂದು ತಟ್ಟೆ, ಒಂದು ಲೋಟ, ಟೋಪಿ ತನ್ನಿ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಸಾಮಾನ್ಯ ಮನೆಯ ಬಾಗಿಲ ಪಕ್ಕ ಕರಿಹಲಗೆ ಇದೆ, ಪಾತ್ರೆ ತೊಳೆಯುವವರ ಸರದಿ ಅದರಲ್ಲಿ ಬರೆದಿರುತ್ತದೆ. ನಿಮ್ಮ ಹೆಸರೂ ಇರುತ್ತದೆ.